ಬಂಡಾಯದ ಕಾಡಿನಲ್ಲಿ ಜನಬೆಂಬಲ: ತಾಳವಾಡಿಯಿಂದ ಒಂದು ಪತ್ರ

ಮಾನ್ಯ ಸಂಪಾದಕರಿಗೆ,

ಛತ್ತೀಸಗಡದ ಬಸ್ತಾರದ ಕಾಡುಗಳಲ್ಲಿ ಮಾವೋವಾದಿಗಳ ಬಲ ಕುಸಿದಂತೆಲ್ಲ, ಇನ್ನುಳಿದಿರುವುದು ಅಲ್ಲಿನ ಜನರ ಮನಸ್ಸು ಗೆಲ್ಲುವ ಕೆಲಸವೊಂದೇ ಎಂಬ ಧಾಟಿಯ ಲೇಖನಗಳು ನಿಮ್ಮ ಪತ್ರಿಕೆಯಲ್ಲೂ ಬೇರೆ ಪತ್ರಿಕೆಗಳಲ್ಲೂ ಮೇಲಿಂದ ಮೇಲೆ ಬರುತ್ತಿವೆ. ಅವುಗಳಲ್ಲಿ ಬಹುಮಟ್ಟಿಗೆ ಒಂದೇ ಪಟ್ಟಿ ಇರುತ್ತದೆ: ರಸ್ತೆ, ಮೊಬೈಲ್ ಟವರ್, ಆರೋಗ್ಯ ಶಿಬಿರ, ಪಡಿತರ ಅಂಗಡಿ, ಯುವಕರಿಗೆ ವಾಲಿಬಾಲ್ ಪಂದ್ಯಾವಳಿ. ಇವು ಬೇಡವೆಂದು ಹೇಳುವವನು ನಾನಲ್ಲ. ಆದರೆ ವೀರಪ್ಪನ್ ಬೇಟೆಗೆಂದು ಹತ್ತು ವರ್ಷಕ್ಕೂ ಮಿಕ್ಕಿ ಎರಡು ರಾಜ್ಯಗಳ ಸಶಸ್ತ್ರ ಪಡೆಗಳು ಬೀಡುಬಿಟ್ಟಿದ್ದ ಗುಡ್ಡಗಾಡಿನಲ್ಲಿ ಮಕ್ಕಳಿಗೆ ಪಾಠ ಹೇಳಿದವನಾಗಿ, ಈ ಪಟ್ಟಿಯಲ್ಲಿ ಕಾಣದ ಒಂದು ಸಂಗತಿಯೇ ಉಳಿದೆಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುತ್ತದೆ. ಬಾಯಿ ಬಿಟ್ಟ ಹಳ್ಳಿಗನಿಗೆ ಆಮೇಲೆ ಏನಾಗುತ್ತದೆ, ತಪ್ಪು ಮಾಡಿದ ಸಮವಸ್ತ್ರಧಾರಿಗೆ ಆಮೇಲೆ ಏನಾಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಸರ್ಕಾರ ಕೊಡುವ ಉತ್ತರವನ್ನು ನೋಡಿಕೊಂಡೇ ಕಾಡಂಚಿನ ಜನ ಯಾರ ಕಡೆ ನಿಲ್ಲಬೇಕೆಂದು ತೀರ್ಮಾನಿಸುತ್ತಾರೆ.

ತಾಳವಾಡಿಯನ್ನು ಅರಿಯದ ಓದುಗರಿಗಾಗಿ ಎರಡು ಮಾತು. ನಾವು ತಮಿಳುನಾಡಿನ ಈರೋಡು ಜಿಲ್ಲೆಯವರು. ಆದರೆ ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಸತ್ಯಮಂಗಲಕ್ಕೆ ಹೋಗುವುದಕ್ಕಿಂತ ಚಾಮರಾಜನಗರಕ್ಕೆ ಹೋಗಿಬರುವುದು ನಮಗೆ ಸಲೀಸು. 1956ರಲ್ಲಿ ಕೊಯಮತ್ತೂರು ಜಿಲ್ಲೆಯಿಂದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ನಾವು ಮದರಾಸಿನಲ್ಲೇ ಉಳಿದೆವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಕಾಡಿನೊಳಗಿನ ಪೋಡುಗಳಲ್ಲಿ, ಅಂದರೆ ಸೋಲಿಗ ಬುಡಕಟ್ಟಿನ ಹಾಡಿಗಳಲ್ಲಿ, ಸೋಲಿಗರ ನುಡಿ. ವಿಚಿತ್ರವೆಂದರೆ, ವೀರಪ್ಪನ್ ಹುಟ್ಟಿದ ಗೋಪಿನಾಥಂ ಕರ್ನಾಟಕದೊಳಗಿರುವ ತಮಿಳರ ಊರು. 2000ದ ಜುಲೈ 30ರ ರಾತ್ರಿ ಅವನು ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ ಗಾಜನೂರು ತಮಿಳುನಾಡಿನೊಳಗಿರುವ ಕನ್ನಡಿಗರ ಊರು. ಗಡಿಯ ಎರಡು ಕಡೆಯೂ ಪಡೆಗಳು ಆಡುತ್ತಿದ್ದ ಭಾಷೆ ಒಂದು, ವಿಚಾರಣೆಗೆ ಒಳಗಾಗುತ್ತಿದ್ದವರ ಭಾಷೆ ಇನ್ನೊಂದು ಆಗಿದ್ದುದೇ ಹೆಚ್ಚು.

ವೀರಪ್ಪನ್ ಬಂಡುಕೋರನಲ್ಲ, ದಂತ ಮತ್ತು ಗಂಧದ ಕಳ್ಳಸಾಗಣೆಗಾರ, ಕೊಲೆಗಾರ. ಅವನ ಬೇಟೆಯನ್ನು ಬಂಡಾಯ ನಿಗ್ರಹಕ್ಕೆ ಹೋಲಿಸುವುದು ಸರಿಯಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಅವನಿಗೆ ಸಿದ್ಧಾಂತವಿರಲಿಲ್ಲ ಎಂಬುದು ನಿಜ. ಆದರೆ 1993ರಿಂದ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಗಳು ಜಂಟಿಯಾಗಿ ಅವನ ಬೆನ್ನುಹತ್ತಿದ ರೀತಿ, ಆ ಕಾಡಿನ ವಿಸ್ತಾರ, ಊಟ ಮತ್ತು ಸುದ್ದಿ ಎರಡಕ್ಕೂ ಅವನು ಹಳ್ಳಿಗಳನ್ನೇ ನೆಚ್ಚಿದ್ದುದು, ಮಾಹಿತಿದಾರರೆಂಬ ಅನುಮಾನ ಬಂದವರನ್ನು ಅವನು ಕೊಲ್ಲುತ್ತಿದ್ದುದು, ಇವೆಲ್ಲವೂ ಮಲಯಾದಲ್ಲೋ (ಈಗಿನ ಮಲೇಷ್ಯಾ) ಮಿಜೋರಾಮಿನಲ್ಲೋ ಬಸ್ತಾರದಲ್ಲೋ ನಡೆದ ಕಥೆಗಿಂತ ಬೇರೆಯಲ್ಲ. ಕೊನೆಯ ವರ್ಷಗಳಲ್ಲಂತೂ ತಮಿಳು ಉಗ್ರ ರಾಷ್ಟ್ರೀಯವಾದಿ ಗುಂಪುಗಳ ಸಹವಾಸದಿಂದ ಅವನ ಬಾಯಲ್ಲಿ ರಾಜಕೀಯದ ಮಾತೂ ಬಂದಿತ್ತು. ಅದರ ಪ್ರಸ್ತಾಪ ಮುಂದೆ ಬರುತ್ತದೆ.

ಜನಬೆಂಬಲದ ಮಾತೆತ್ತಿದಾಗಲೆಲ್ಲ ಮಲಯಾದ ಉದಾಹರಣೆ ಕೊಡುವುದು ವಾಡಿಕೆ. ಅಲ್ಲಿ 1948ರಿಂದ 1960ರವರೆಗೆ ಬ್ರಿಟಿಷರು ಕಮ್ಯುನಿಸ್ಟ್ ಗೆರಿಲ್ಲಾಗಳ ವಿರುದ್ಧ ಹೋರಾಡಿದರು. 1952ರಲ್ಲಿ ಹೈಕಮಿಷನರ್ ಆಗಿ ಬಂದ ಜೆರಾಲ್ಡ್ ಟೆಂಪ್ಲರ್, ಕಾಡಿಗೆ ಇನ್ನಷ್ಟು ಸೈನ್ಯ ಸುರಿಯುವುದರಲ್ಲಿ ಉತ್ತರವಿಲ್ಲ, ಜನರ ಹೃದಯ ಮನಸ್ಸುಗಳಲ್ಲಿದೆ ಎಂಬರ್ಥದ ಮಾತನ್ನು ಪ್ರಸಿದ್ಧಗೊಳಿಸಿದರು. ಅದನ್ನು ಉದ್ಧರಿಸುವವರು ಅಲ್ಲಿ ನಡೆದ ಉಳಿದ ಸಂಗತಿಗಳನ್ನು ಅಷ್ಟಾಗಿ ಹೇಳುವುದಿಲ್ಲ. ಟೆಂಪ್ಲರ್ ಬರುವುದಕ್ಕೆ ಮುಂಚೆಯೇ, 1950ರಲ್ಲಿ ರೂಪುಗೊಂಡ ಬ್ರಿಗ್ಸ್ ಯೋಜನೆಯಂತೆ, ಕಾಡಂಚಿನಲ್ಲಿ ಬೇಸಾಯ ಮಾಡಿಕೊಂಡಿದ್ದ ಸುಮಾರು 5 ಲಕ್ಷ ಜನರನ್ನು, ಅವರಲ್ಲಿ ಬಹುತೇಕ ಚೀನೀ ಮೂಲದವರನ್ನು, ಮುಳ್ಳುತಂತಿ ಬಿಗಿದ 'ಹೊಸ ಹಳ್ಳಿ'ಗಳಿಗೆ ಲಾರಿಗಳಲ್ಲಿ ಸಾಗಿಸತೊಡಗಿದ್ದರು. ಗೆರಿಲ್ಲಾಗಳಿಗೆ ಅಕ್ಕಿ ಸಿಗಬಾರದೆಂದು ಕೆಲವೆಡೆ ಇಡೀ ಊರಿನ ಅನ್ನವನ್ನು ಒಂದೇ ಅಡುಗೆಮನೆಯಲ್ಲಿ ಬೇಯಿಸಿ ಹಂಚುತ್ತಿದ್ದರು. ಬೆಂದ ಅನ್ನ ಕಾಡು ಸೇರುವಷ್ಟರಲ್ಲಿ ಹಳಸುತ್ತದಲ್ಲ! ಅಂಗಡಿಯವನು ಡಬ್ಬಿಯ ಆಹಾರ ಮಾರಿದರೆ ಗಿರಾಕಿಯ ಕಣ್ಣೆದುರೇ ಡಬ್ಬಿಗೆ ತೂತು ಹೊಡೆಯಬೇಕಿತ್ತು. ಹೃದಯ ಮನಸ್ಸುಗಳ ಮಾತಾಡಿದ ಅದೇ ಟೆಂಪ್ಲರ್, ತಂಜೋಂಗ್ ಮಾಲಿಂ ಪಟ್ಟಣದ ಬಳಿ ಸರ್ಕಾರಿ ತಂಡದ ಮೇಲೆ ದಾಳಿಯಾದಾಗ ಇಡೀ ಪಟ್ಟಣಕ್ಕೆ ದಿನಕ್ಕೆ 22 ಗಂಟೆ ಕರ್ಫ್ಯೂ ಹಾಕಿ ಅಕ್ಕಿಯ ಪಡಿತರ ಕಡಿತ ಮಾಡಿದರು. 1948ರ ಡಿಸೆಂಬರಿನಲ್ಲಿ ಬಟಾಂಗ್ ಕಾಲಿಯಲ್ಲಿ ಬ್ರಿಟಿಷ್ ಸೈನಿಕರು 24 ಮಂದಿ ನಿರಾಯುಧರನ್ನು ಕೊಂದದ್ದೂ ಇದೇ ಸಮರದ ಭಾಗ.

ಹಾಗಾದರೆ ಮಲಯಾದಲ್ಲಿ ಬಂಡಾಯ ತಣ್ಣಗಾದದ್ದು ಹೇಗೆ? ಬಲಪ್ರಯೋಗದ ಪಾಲು ಇತ್ತು, ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದರ ಜತೆಗೆ ಹೊಸ ಹಳ್ಳಿಗಳ ಅನೇಕರಿಗೆ ಜಮೀನಿನ ಹಕ್ಕುಪತ್ರ ಸಿಕ್ಕಿತು, ಪೌರತ್ವದ ನಿಯಮ ಸಡಿಲವಾಯಿತು, ಊರಿನ ಸಮಿತಿಗಳಿಗೆ ಚುನಾವಣೆ ನಡೆಯಿತು, 1957ರಲ್ಲಿ ದೇಶ ಸ್ವತಂತ್ರವಾಯಿತು. ಬ್ರಿಟಿಷರನ್ನು ಓಡಿಸಬೇಕೆಂಬ ಗೆರಿಲ್ಲಾಗಳ ದೊಡ್ಡ ವಾದಕ್ಕೇ ಅಲ್ಲಿಗೆ ಅರ್ಥ ಹೋಯಿತು. ಈ ಮುಕ್ಕಾಲು ಭಾಗವನ್ನು ಬಿಟ್ಟು ಬೇಲಿಯನ್ನಷ್ಟೇ ನಕಲು ಮಾಡಿದ ಕಡೆಗಳಲ್ಲಿ ಏನಾಯಿತೆಂದು ನೋಡಲು 1962ರಲ್ಲಿ ದಕ್ಷಿಣ ವಿಯೆಟ್ನಾಮಿನಲ್ಲಿ ಶುರುವಾದ ಕೋಟೆಹಳ್ಳಿ ಯೋಜನೆ ಸಾಕು. ಎರಡು ವರ್ಷದೊಳಗೆ ಅದು ಕುಸಿದುಬಿತ್ತು. ನಮ್ಮ ಮಿಜೋರಾಮಿನಲ್ಲಿ 1967ರಿಂದ ಹಳ್ಳಿಗಳನ್ನು ಖಾಲಿ ಮಾಡಿಸಿ, ಹಳೆಯ ಮನೆಗಳನ್ನು ಸುಟ್ಟು, ಜನರನ್ನು ರಸ್ತೆ ಬದಿಯ ಕೂಡುಹಳ್ಳಿಗಳಿಗೆ ತಂದು ಹಾಕಿದರು. ಅದಕ್ಕೂ ಸ್ವಲ್ಪ ಹಿಂದೆ, 1966ರ ಮಾರ್ಚಿನಲ್ಲಿ, ಐಜ್ವಾಲ್ ಮೇಲೆ ನಮ್ಮದೇ ವಾಯುಪಡೆ ಬಾಂಬು ಹಾಕಿತ್ತು. ಅಲ್ಲಿ ಶಾಂತಿ ಬಂದದ್ದು 1986ರ ಜೂನಿನಲ್ಲಿ ಮಿಜೋ ಬಂಡುಕೋರರ ನಾಯಕ ಲಾಲ್‌ಡೆಂಗಾ ಜತೆ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ. ಆ ಹಿಂದಿನ 20 ವರ್ಷಗಳ ಕಹಿಯನ್ನು ಅಲ್ಲಿನ ಹಿರಿಯರು ಮರೆತಿಲ್ಲವೆಂದು ಕೇಳಿದ್ದೇನೆ, ಆದರೂ ಒಪ್ಪಂದ ಉಳಿದುಕೊಂಡಿದೆ.

ಈಗ ನಮ್ಮ ಬೆಟ್ಟಗಳಿಗೆ ಬರುತ್ತೇನೆ. ಮಲಯಾದ ತೂತು ಡಬ್ಬಿಯ ತಮ್ಮನೊಬ್ಬ ಇಲ್ಲಿಯೂ ಇದ್ದ. ಸಂತೆಯಿಂದ ರಾಗಿ ಹೊತ್ತು ಪೋಡಿಗೆ ಹೊರಟ ಹೆಂಗಸಿನ ಮೂಟೆಯನ್ನು ದಾರಿಯ ಕಾವಲಿನಲ್ಲಿ ಇಳಿಸಿ, ಮನೆಯಲ್ಲಿ ಎಷ್ಟು ಬಾಯಿ ಎಂದು ಕೇಳುತ್ತಿದ್ದರು. ಲೆಕ್ಕಕ್ಕಿಂತ ಎರಡು ಸೇರು ಹೆಚ್ಚಿದ್ದರೆ, ಟಾರ್ಚಿನ ಸೆಲ್ಲು ಒಂದು ಜೊತೆ ಜಾಸ್ತಿ ಇದ್ದರೆ, ಯಾರಿಗೆಂದು ವಿವರಿಸಬೇಕು. ಮದುವೆ ಮನೆ ಎಂದರೆ ಲಗ್ನಪತ್ರಿಕೆ ಎಲ್ಲಿ ಎಂಬ ಪ್ರಶ್ನೆ. ಸೋಲಿಗರ ಮದುವೆಗೆ ಯಾರು ಲಗ್ನಪತ್ರಿಕೆ ಅಚ್ಚು ಹಾಕಿಸುತ್ತಾರೆ? ಕಾವಲಿಗೆ ನಿಂತ ಹುಡುಗರೇನೂ ರಾಕ್ಷಸರಲ್ಲ, ಬಯಲುಸೀಮೆಯಿಂದ ಬಂದವರು, ಅವರಿಗೆ ಈ ಜನರ ಬದುಕು ತಿಳಿಯದು, ಮಾತು ತಿಳಿಯದು. ನಡುವೆ ದುಭಾಷಿಯಾಗಿ ಊರಿನವನೊಬ್ಬನನ್ನು ನಿಲ್ಲಿಸಿಕೊಳ್ಳುತ್ತಿದ್ದರು. ಅವನು ಹೇಳಿದ್ದನ್ನು ಹೇಳಿದಂತೆಯೇ ದಾಟಿಸಿದರೂ ಊರಿನ ಕಣ್ಣಿನಲ್ಲಿ ಅವನು ಮಾಹಿತಿದಾರನೇ ಆಗಿಬಿಡುತ್ತಿದ್ದ, ಕಾಡಿನವನ ಕಿವಿಗೂ ಹಾಗೆಯೇ ಮುಟ್ಟುತ್ತಿತ್ತು. ಅತ್ತ ದರಿ, ಇತ್ತ ಪುಲಿ.

ಒಳ್ಳೆಯ ಅಧಿಕಾರಿಗಳೂ ಇದ್ದರು, ಅವರ ಒಳ್ಳೆಯತನವೂ ಕೆಲವೊಮ್ಮೆ ಅಪಾಯ ತರುತ್ತಿತ್ತು ಎಂಬುದನ್ನು ಹೇಳಲೇಬೇಕು. ವಿಚಾರಣೆಗೆ ಕರೆದವನನ್ನು ಸಂಜೆಯೊಳಗೆ ಬಿಟ್ಟು, ನಡೆದು ಹೋಗುವುದು ಬೇಡವೆಂದು ಜೀಪಿನಲ್ಲೇ ಊರ ಬಾಗಿಲಿಗೆ ತಂದು ಇಳಿಸುವುದು, ಟೀ ಅಂಗಡಿಯ ಮುಂದೆ ಹೆಗಲ ಮೇಲೆ ಕೈ ಹಾಕಿ ಮಾತಾಡಿಸುವುದು ಅಧಿಕಾರಿಗೆ ಸೌಜನ್ಯವಾಗಿ ತೋರಬಹುದು. ಜೀಪಿನಿಂದ ಇಳಿದವನಿಗೆ ಆ ರಾತ್ರಿಯಿಂದ ಮನೆಯೊಳಗೆ ಮಲಗುವ ಧೈರ್ಯವಿರುತ್ತಿರಲಿಲ್ಲ. ಏಕೆಂದರೆ ಜೀಪು ಕತ್ತಲಾಗುವ ಮುಂಚೆ ಶಿಬಿರಕ್ಕೆ ಹಿಂದಿರುಗುತ್ತದೆ, ಅವನು ಅಲ್ಲೇ ಉಳಿಯುತ್ತಾನೆ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಮಂದಿ ಸತ್ತರಲ್ಲ, ಆ ವಾಹನದಲ್ಲಿ ಪೊಲೀಸರ ಜತೆ ಮಾಹಿತಿದಾರರಾಗಿ ಹೊರಟಿದ್ದ ಸ್ಥಳೀಯರೂ ಇದ್ದರು. ಪೊಲೀಸರೊಡನೆ ಕಾಣಿಸಿಕೊಂಡವನ ಗತಿ ಏನೆಂದು ಸುತ್ತಲಿನ ಹಳ್ಳಿಗಳಿಗೆ ಅಂದು ಮನದಟ್ಟಾಯಿತು. ಆಮೇಲೆ ಎಷ್ಟು ಆರೋಗ್ಯ ಶಿಬಿರ ನಡೆಸಿದರೆ ತಾನೆ ಬಾಯಿ ಬಿಡುವವರು ಯಾರು?

ಜನರನ್ನು ಒಲಿಸಿಕೊಂಡವರು ನಮ್ಮಲ್ಲಿ ಇರಲೇ ಇಲ್ಲವೆಂದಲ್ಲ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಹೆಸರು ಗೋಪಿನಾಥಂ ಸುತ್ತ ಈಗಲೂ ಮಾತಿನಲ್ಲಿದೆ. ಅವರು ಆ ಊರಿನಲ್ಲೇ ಬಂದು ನೆಲೆಸಿದರು, ಕಾಯಿಲೆಯವರಿಗೆ ಔಷಧಿ ಕೊಟ್ಟರು, ಮಾರಮ್ಮನ ಗುಡಿ ಕಟ್ಟಲು ನೆರವಾದರು, ವೀರಪ್ಪನ್ ಕಡೆಯ ಕೆಲವರು ಶರಣಾಗುವಂತೆ ಮನವೊಲಿಸಿದರು. ವೀರಪ್ಪನ್ ಶರಣಾಗುತ್ತಾನೆಂಬ ಸುಳ್ಳು ಸಂದೇಶವನ್ನು ನಂಬಿ 1991ರ ನವೆಂಬರ್ 10ರಂದು ಅವನನ್ನು ಕಾಣಲು ಹೋದಾಗ ಅವನು ಅವರನ್ನು ಕೊಂದು ತಲೆ ಕಡಿದ. ಸರ್ಕಾರ ಮರಣೋತ್ತರ ಕೀರ್ತಿಚಕ್ರ ನೀಡಿತು. ಮೆದುವಾದರೆ ಇದೇ ಗತಿ ಎಂಬ ಪಾಠವನ್ನು ಆಗ ಬಹಳ ಮಂದಿ ಕಲಿತರು, ಮುಂದಿನ ವರ್ಷಗಳ ಕಾರ್ಯಾಚರಣೆಯ ಬಿರುಸಿನ ಹಿಂದೆ ಆ ಪಾಠವಿತ್ತೆಂದು ನನ್ನ ಊಹೆ. ನನಗೆ ಕಾಣುವುದು ಬೇರೆ. ಆ ಊರಿನ ಎಷ್ಟೋ ಜನ ಈಗಲೂ ಆ ಅಧಿಕಾರಿಯನ್ನು ಪೂಜ್ಯಭಾವದಿಂದ ನೆನೆಯುತ್ತಾರೆ. ಅಲ್ಲಿ ಹುಟ್ಟಿ ಬೆಳೆದ ದರೋಡೆಕೋರನಿಗೆ ಎದುರಾಗಿ ಒಬ್ಬ ಪರಸ್ಥಳದ ಆಂಧ್ರದ ಅಧಿಕಾರಿ ಅದೇ ಊರಿನಲ್ಲಿ ಇಷ್ಟು ನೆಲೆ ಗಿಟ್ಟಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ಅವರು ಹೋದ ಮೇಲೆ ಆ ನೆಲೆಯನ್ನು ಮುಂದುವರಿಸಲು ಇಲಾಖೆಯೊಳಗೆ ಯಾರೂ ಇರಲಿಲ್ಲ. ಅದು ಒಬ್ಬ ವ್ಯಕ್ತಿಯ ಗುಣವಾಗಿತ್ತೇ ಹೊರತು ಸರ್ಕಾರದ ಪದ್ಧತಿಯಾಗಿರಲಿಲ್ಲ.

ಪದ್ಧತಿ ಹೇಗಿತ್ತೆಂಬುದು ದಾಖಲಾಗಿದೆ. ಕಾರ್ಯಪಡೆಗಳ ದೌರ್ಜನ್ಯದ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದ ಸಮಿತಿ ನೇಮಿಸಿತು. ಸಮಿತಿ ವರದಿ ಕೊಟ್ಟದ್ದು 2003ರಲ್ಲಿ. ಅದರ ಆಧಾರದ ಮೇಲೆ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡಬೇಕೆಂದು ಆಯೋಗ ಹೇಳಿದ್ದು 2007ರಲ್ಲಿ, ವೀರಪ್ಪನ್ ಸತ್ತು ಎರಡು ವರ್ಷ ಕಳೆದ ಮೇಲೆ. ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯಡಿ ಹಿಡಿದು ತಂದ ನೂರಕ್ಕೂ ಹೆಚ್ಚು ಮಂದಿಯ ಪೈಕಿ ಅನೇಕರು ವರ್ಷಗಟ್ಟಲೆ ಮೈಸೂರಿನ ಜೈಲಿನಲ್ಲಿ ಕೊಳೆತರು. 2001ರಲ್ಲಿ ತೀರ್ಪು ಬಂದಾಗ ಅವರಲ್ಲಿ ಬಹುಪಾಲು ಜನ ಖುಲಾಸೆಯಾದರು. ರಾಜ್‌ಕುಮಾರ್ ಅಪಹರಣದ ನಂತರ ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಕಾವೇರಿ ನೀರು, ತಿರುವಳ್ಳುವರ್ ಪ್ರತಿಮೆ ಇವುಗಳ ಜತೆಗೆ ಈ ಟಾಡಾ ಬಂಧಿತರ ಬಿಡುಗಡೆಯೂ, ಕಾರ್ಯಪಡೆಯಿಂದ ನೊಂದವರಿಗೆ ಪರಿಹಾರವೂ ಇದ್ದವು. ನೂರಕ್ಕೂ ಹೆಚ್ಚು ಜನರನ್ನು ಕೊಂದವನ ಬಾಯಿಗೆ ನ್ಯಾಯದ ಮಾತನ್ನು ಹಾಕಿಕೊಟ್ಟವರು ಯಾರು? ಬಿಡುಗಡೆಗೆ ಸರ್ಕಾರಗಳು ಮುಂದಾದಾಗ, ಅವನ ಕೈಯಲ್ಲಿ ಹತನಾದ ಸಬ್ ಇನ್‌ಸ್ಪೆಕ್ಟರ್ ಒಬ್ಬರ ತಂದೆ ಸುಪ್ರೀಂ ಕೋರ್ಟಿಗೆ ಹೋಗಿ ಅದನ್ನು ತಡೆದರು. ಆ ತಂದೆಯ ಸಂಕಟಕ್ಕೂ, ವಿಚಾರಣೆಯಿಲ್ಲದೆ ಒಳಗಿದ್ದ ನಿರಪರಾಧಿಯ ಸಂಕಟಕ್ಕೂ ಕಾಲಕ್ಕೆ ಸರಿಯಾಗಿ ನಡೆದ ಒಂದು ಮೊಕದ್ದಮೆ ಉತ್ತರ ಕೊಡಬಹುದಿತ್ತು.

ಧರ್ಮಪುರಿ ಜಿಲ್ಲೆಯ ವಾಚಾತ್ತಿಯ ಕಥೆ ಇನ್ನೂ ಕಠೋರ. ಗಂಧದ ಮರದ ಶೋಧದ ಹೆಸರಿನಲ್ಲಿ 1992ರ ಜೂನ್ 20ರಂದು ಅರಣ್ಯ, ಪೊಲೀಸ್, ಕಂದಾಯ ಸಿಬ್ಬಂದಿ ಆ ಬುಡಕಟ್ಟು ಹಳ್ಳಿಗೆ ನುಗ್ಗಿ ಮನೆಗಳನ್ನು ಧ್ವಂಸ ಮಾಡಿದರು. 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. 2011ರಲ್ಲಿ ವಿಚಾರಣಾ ನ್ಯಾಯಾಲಯ 269 ಆರೋಪಿಗಳೂ ತಪ್ಪಿತಸ್ಥರೆಂದು ತೀರ್ಪು ಕೊಟ್ಟಾಗ ಅವರಲ್ಲಿ 54 ಮಂದಿ ಸತ್ತುಹೋಗಿದ್ದರು. ಉಳಿದ 215 ಮಂದಿಯ ಶಿಕ್ಷೆಯನ್ನು ಮದರಾಸು ಹೈಕೋರ್ಟ್ ಎತ್ತಿಹಿಡಿದದ್ದು 2023ರ ಸೆಪ್ಟೆಂಬರಿನಲ್ಲಿ. ಒಂದು ತಲೆಮಾರು ಹುಟ್ಟಿ, ಬೆಳೆದು, ಮದುವೆಯಾಗಿ ಮಕ್ಕಳನ್ನು ಹೆರುವಷ್ಟು ಕಾಲ. ಆದರೂ ಈ ತೀರ್ಪು ಬಂತಲ್ಲ ಎಂಬುದು ಮುಖ್ಯ; ಸರ್ಕಾರಿ ಸಿಬ್ಬಂದಿ ಹೀಗೆ ಸಾಮೂಹಿಕವಾಗಿ ಜೈಲಿಗೆ ಹೋದ ನಿದರ್ಶನ ನಮ್ಮ ದೇಶದಲ್ಲಿ ಅಪರೂಪ. ಬಸ್ತಾರದ ಸರ್ಕೇಗುಡದಲ್ಲಿ 2012ರ ಜೂನಿನಲ್ಲಿ ಸತ್ತ 17 ಮಂದಿ ಮಾವೋವಾದಿಗಳೆನ್ನುವುದಕ್ಕೆ ಪುರಾವೆಯಿಲ್ಲವೆಂದು ನ್ಯಾಯಾಂಗ ಆಯೋಗ ಹೇಳಲು ಏಳು ವರ್ಷ ಬೇಕಾಯಿತು. ನಾಗಾಲ್ಯಾಂಡಿನ ಓಟಿಂಗ್‌ನಲ್ಲಿ 2021ರ ಡಿಸೆಂಬರಿನಲ್ಲಿ ಗಣಿಯಿಂದ ಮನೆಗೆ ಮರಳುತ್ತಿದ್ದ ಕಾರ್ಮಿಕರನ್ನು ಸೇನೆಯ ತುಕಡಿ ಗುಂಡಿಕ್ಕಿ ಕೊಂದಾಗ, ರಾಜ್ಯದ ಪೊಲೀಸರು 30 ಮಂದಿ ಸೇನಾ ಸಿಬ್ಬಂದಿಯ ಮೇಲೆ ಆರೋಪಪಟ್ಟಿ ಹಾಕಿದರು; ಕೇಂದ್ರ ಸರ್ಕಾರ ಅನುಮತಿ ನಿರಾಕರಿಸಿದ್ದರಿಂದ 2024ರಲ್ಲಿ ಸುಪ್ರೀಂ ಕೋರ್ಟ್ ಆ ಮೊಕದ್ದಮೆಯನ್ನು ಮುಕ್ತಾಯಗೊಳಿಸಬೇಕಾಯಿತು. ಅಂಥ ಊರಿಗೆ ಮರುವರ್ಷ ವಾಲಿಬಾಲ್ ತೆಗೆದುಕೊಂಡು ಹೋಗುವ ಅಧಿಕಾರಿಯ ಮುಖಭಾವವನ್ನು ಒಮ್ಮೆ ಊಹಿಸಿಕೊಳ್ಳಿ.

ಸ್ಥಳೀಯರ ಕೈಗೇ ಬಂದೂಕು ಕೊಟ್ಟರೆ ಅದೇ ಜನಬೆಂಬಲವೆಂದು ವಾದಿಸುವವರೂ ಇದ್ದಾರೆ. ಛತ್ತೀಸಗಡದಲ್ಲಿ 2005ರಲ್ಲಿ ಹುಟ್ಟಿದ ಸಲ್ವಾ ಜುಡುಂ ಎಂಬ ಮಾವೋವಾದಿ ವಿರೋಧಿ ಪಡೆ ಹಾಗೆಯೇ ಬೆಳೆಯಿತು. ತಿಂಗಳಿಗೆ 3,000 ರೂಪಾಯಿ ಗೌರವಧನ ಕೊಟ್ಟು, ಹೆಚ್ಚು ಓದದ ಆದಿವಾಸಿ ಯುವಕರನ್ನು ವಿಶೇಷ ಪೊಲೀಸ್ ಅಧಿಕಾರಿಗಳೆಂದು ಕರೆದು ಮುಂದೆ ನಿಲ್ಲಿಸಿದರು. ಇದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ 2011ರ ಜುಲೈ 5ರಂದು ಹೇಳಿತು. ನೆಲದ ಪರಿಚಯವಿರುವ ಸ್ಥಳೀಯ ಯುವಕರು ಪೊಲೀಸ್ ಪಡೆಯಲ್ಲಿರಬೇಕು ಎಂಬುದನ್ನು ನಾನು ಒಪ್ಪುತ್ತೇನೆ, ನಮ್ಮ ಕಾವಲಿನಲ್ಲಿ ಒಬ್ಬ ಸೋಲಿಗ ಕಾನ್‌ಸ್ಟೆಬಲ್ ಇದ್ದಿದ್ದರೆ ಲಗ್ನಪತ್ರಿಕೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಅವರಿಗೆ ಪೂರ್ಣ ಸಂಬಳ, ಪೂರ್ಣ ತರಬೇತಿ, ಪೂರ್ಣ ಹೊಣೆಗಾರಿಕೆ ಇರಬೇಕು. ಹಳ್ಳಿಯನ್ನು ಎರಡು ಹೋಳಾಗಿ ಸೀಳಿ ಒಂದು ಹೋಳಿಗೆ ಕೋವಿ ಕೊಡುವುದು ಬೇರೆ ಮಾತು. ಬಂಡುಕೋರರು ಹೋದ ಮೇಲೂ ಆ ಹಗೆ ಬೇಲಿಯಿಂದ ಬೇಲಿಗೆ ಉಳಿಯುತ್ತದೆ.

ಒಂದು ಪ್ರಬಲ ಪ್ರತಿವಾದವಿದೆ, ಅದನ್ನು ಮುಚ್ಚಿಡುವುದು ತರವಲ್ಲ. ವೀರಪ್ಪನ್ ಸತ್ತದ್ದು ಜನ ತಿರುಗಿ ಬಿದ್ದದ್ದರಿಂದಲ್ಲ. 2004ರ ಅಕ್ಟೋಬರ್ 18ರ ರಾತ್ರಿ, ಕಣ್ಣಿನ ಚಿಕಿತ್ಸೆಗೆಂದು ಅವನು ಹತ್ತಿದ ಆಂಬುಲೆನ್ಸನ್ನು ಓಡಿಸುತ್ತಿದ್ದವರು ಪೊಲೀಸರೇ ಆಗಿದ್ದರು. ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ ಕಥೆ ಮುಗಿಯಿತು. ಗೂಢಚಾರಿಕೆ ಗೆದ್ದಿತು, ಜನಬೆಂಬಲದ ಗೊಡವೆ ಏಕೆ ಎಂದು ಕೇಳಬಹುದು. ಒಬ್ಬ ವ್ಯಕ್ತಿ ಮತ್ತು ಅವನ ಬೆರಳೆಣಿಕೆಯ ಸಂಗಡಿಗರ ಮಟ್ಟಿಗೆ ಈ ವಾದ ನಡೆಯುತ್ತದೆ. ಅಷ್ಟಾದರೂ ಅದಕ್ಕೆ ಹಿಡಿದ ಕಾಲವನ್ನು, ಖರ್ಚನ್ನು, ಹಳ್ಳಿಗಳು ತೆತ್ತ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಲೆನಾಡಿನ ನಕ್ಸಲ್ ಚಳವಳಿಯ ವಿಷಯದಲ್ಲಿ ಕರ್ನಾಟಕ ಕಂಡುಕೊಂಡ ದಾರಿಯೂ ನಮ್ಮ ಕಣ್ಣ ಮುಂದಿದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುತ್ತಾರೆಂಬ ಭಯದಲ್ಲಿ ಬೇರೂರಿದ ಆ ಚಳವಳಿ ಎನ್‌ಕೌಂಟರುಗಳ ನಡುವೆಯೂ ಎರಡು ದಶಕ ಉಸಿರಾಡಿತು. 2024ರ ನವೆಂಬರಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹತನಾದ ಮೇಲೆ, ಹೊರಗಿನ ನಾಗರಿಕ ಮಧ್ಯಸ್ಥರ ಮಾತುಕತೆಯಿಂದ 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಶರಣಾದರು. ಪೊಲೀಸರ ಮಾತನ್ನಷ್ಟೇ ನಂಬಿ ಅವರು ಬರುತ್ತಿದ್ದರೇ ಎಂಬುದು ಅನುಮಾನ. ನಡುವೆ ನಿಂತವರ ಮಾತಿಗೆ ಬೆಲೆಯಿತ್ತು.

ಬಸ್ತಾರದಲ್ಲಿ ಈಗ ಶಿಬಿರಗಳ ಸುತ್ತಲಿನ ಹಳ್ಳಿಗಳಿಗೆ ಸೌಲಭ್ಯ ತಲುಪಿಸಲು 2024ರಿಂದ 'ನಿಯದ್ ನೆಲ್ಲನಾರ್' ಎಂಬ ಯೋಜನೆ ನಡೆಯುತ್ತಿದೆ. ಅದರಿಂದ ಒಳ್ಳೆಯದಾದರೆ ಸಂತೋಷ. ಅದರ ಜತೆಗೆ ನಾನು ಕೇಳುವುದು ಖರ್ಚಿಲ್ಲದ ಕೆಲವು ಸಂಗತಿಗಳನ್ನು. ವಿಚಾರಣೆಗೆ ಕರೆದೊಯ್ದ ಪ್ರತಿಯೊಬ್ಬನ ಹೆಸರು, ಕರೆದೊಯ್ದ ಹೊತ್ತು, ಬಿಟ್ಟ ಹೊತ್ತು ಗ್ರಾಮಸಭೆಗೆ ತಿಳಿಯಲಿ. ದೂರು ಬಂದರೆ ಬೇರೆ ಜಿಲ್ಲೆಯ ಅಧಿಕಾರಿ ತನಿಖೆ ಮಾಡಲಿ, ವರ್ಷದೊಳಗೆ ಮುಗಿಸಲಿ. ಮಾಹಿತಿ ಕೊಟ್ಟವನನ್ನು ಮೆರವಣಿಗೆ ಮಾಡದಿರಲಿ. ಅರಣ್ಯ ಹಕ್ಕು ಕಾಯ್ದೆಯಡಿ ಕೊಡಬೇಕಾದ ಹಕ್ಕುಪತ್ರವನ್ನು ಶಿಬಿರದ ಕಮಾಂಡರನ ಉಡುಗೊರೆಯಂತೆ ಕೊಡದೆ ಕಂದಾಯ ಇಲಾಖೆಯವರೇ ಊರಿಗೆ ಬಂದು ಕೊಡಲಿ.

ಕೊನೆಯದಾಗಿ ನಮ್ಮ ಕಡೆಯದೇ ಒಂದು ಬೇಡಿಕೆ. ಸದಾಶಿವ ಸಮಿತಿಯ ಮುಂದೆ ಹೇಳಿಕೆ ಕೊಟ್ಟವರಲ್ಲಿ ಕನ್ನಡ, ತಮಿಳು ಎರಡೂ ಮಾತಿನವರಿದ್ದರು; ಅವರಲ್ಲಿ ಹಲವರಿಗೆ ಈಗ ವಯಸ್ಸಾಗಿದೆ. ಆ ವರದಿಯನ್ನು ಕನ್ನಡ ಮತ್ತು ತಮಿಳಿನಲ್ಲಿ ಮುದ್ರಿಸಿ, ಗಡಿಯ ಎರಡೂ ಕಡೆಯ ಪಂಚಾಯಿತಿ ಕಚೇರಿಗಳಲ್ಲಿ ಯಾರು ಬೇಕಾದರೂ ಓದುವಂತೆ ಇಡಲು ಕರ್ನಾಟಕ ಮತ್ತು ತಮಿಳುನಾಡು ಸರ್ಕಾರಗಳನ್ನು ತಮ್ಮ ಪತ್ರಿಕೆ ಒತ್ತಾಯಿಸಬೇಕೆಂದು ಕೋರುತ್ತೇನೆ. ಆದೇಶವಾದ ಪರಿಹಾರದಲ್ಲಿ ಯಾರಿಗೆ ಎಷ್ಟು ಮುಟ್ಟಿದೆ, ಎಷ್ಟು ಬಾಕಿ ಇದೆ ಎಂಬ ಪಟ್ಟಿಯನ್ನೂ ಅದರ ಜತೆಗೇ ಅಂಟಿಸಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ
ತಾಳವಾಡಿ, ಈರೋಡು ಜಿಲ್ಲೆ